ಹುರಿಯಿಂದ ರಟ್ಟಿಗೆ ಬಂದ ಸಾಸಿವೆ ಅಂಚು

ನಾನು ಮೊದಲ ಸಲ ಆ ಮನೆಗೆ ಹೋದಾಗ ಮಗ್ಗ ನಿಂತು ಒಂದು ಮಳೆಗಾಲ ಕಳೆದಿತ್ತು. ಯಳಂದೂರಿನ ನೇಕಾರರ ಬೀದಿಯಲ್ಲಿ ಎಡಕ್ಕೂ ಬಲಕ್ಕೂ ಲಾಳಿಯ ಸದ್ದು ಕೇಳುತ್ತಿತ್ತು, ನಡುವೆ ಅದೊಂದು ಮನೆ ಮಾತ್ರ ಸುಮ್ಮನಿತ್ತು. ಮನೆಯ ಯಜಮಾನರಿಗೆ ಅರವತ್ತರ ಆಸುಪಾಸು. ಅವರ ಹೆಂಡತಿಯನ್ನು ಬೀದಿಯವರೆಲ್ಲ ಅವ್ವ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಮಗ್ಗ ನಿಂತದ್ದು ಯಜಮಾನರಿಂದಲ್ಲ, ಅವ್ವನಿಂದ. ಅವರ ಬಲಭುಜ ಹಿಡಿದುಕೊಂಡು ಕೈ ತಲೆಯ ಮೇಲಕ್ಕೆ ಏಳದಂತಾಗಿತ್ತು.

ಭುಜಕ್ಕೂ ಮಗ್ಗಕ್ಕೂ ಏನು ಸಂಬಂಧ ಎಂದರೆ, ಅದು ಹಳೆಯ ಕಾಲದ ಎಳೆಮಗ್ಗ. ಯಜಮಾನರು ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಲಾಳಿ ಎಸೆಯುತ್ತಿದ್ದರು. ಅವ್ವ ಮಗ್ಗದ ಪಕ್ಕದಲ್ಲಿ ನಿಂತು ಸೀರೆಯ ಅಂಚಿನ ಚಿತ್ರವನ್ನು ಎಳೆಯುತ್ತಿದ್ದರು. ಅಂಚಿನ ಒಂದೊಂದು ಎಳೆಯಿಂದಲೂ ಒಂದೊಂದು ದಾರ ಮೇಲಿನ ತೊಲೆಗೆ ಹೋಗಿತ್ತು. ಆ ನಿಂತ ದಾರಗಳಿಗೆ ಅಡ್ಡಲಾಗಿ ತೊಂಬತ್ತಾರು ಹುರಿಗಳು. ಒಂದು ಹುರಿ ಎಂದರೆ ಲಾಳಿಯ ಒಂದು ಓಟ. ಆ ಓಟಕ್ಕೆ ಯಾವ ಯಾವ ಎಳೆ ಮೇಲೇಳಬೇಕೋ ಆ ದಾರಗಳಿಗೆ ಮಾತ್ರ ಹುರಿ ಕುಣಿಕೆ ಹಾಕಿಕೊಂಡಿರುತ್ತಿತ್ತು. ಅವ್ವ ಹುರಿ ಎಳೆದು "ಆಕು" ಎನ್ನುತ್ತಿದ್ದರು, ಯಜಮಾನರು ಲಾಳಿ ಹಾಕುತ್ತಿದ್ದರು. ಮತ್ತೊಂದು ಹುರಿ, ಮತ್ತೊಂದು "ಆಕು". ಮದುವೆಯಾಗಿ ಬಂದ ಹೊಸತರಿಂದ ಆ ಮನೆಯ ಸಂಸಾರ ನಡೆದದ್ದು ಹೀಗೆ.

ಆ ಅಂಚಿನ ಚಿತ್ರ ಬಳ್ಳಿ ಮತ್ತು ರುದ್ರಾಕ್ಷಿ. ಅದು ಬೇರೆ ಕಡೆಯೂ ಸಿಗುತ್ತಿತ್ತು. ಆದರೆ ಬಟ್ಟೆಯ ತೀರಾ ತುದಿಯಲ್ಲಿ ಸಾಸಿವೆ ಕಾಳು ಚೆಲ್ಲಿದ ಹಾಗೆ ಓಡುವ ಒಂದು ಚುಕ್ಕಿಗಳ ಸಾಲು ಆ ಮನೆಯ ಅಂಚಿಗೆ ಮಾತ್ರ ಇತ್ತು. ಕೊಳ್ಳೇಗಾಲದ ಸೀರೆ ವ್ಯಾಪಾರಿಯೊಬ್ಬರು ಮದುವೆ ಕಾಲಕ್ಕೆ ಸಾಸಿವೆ ಅಂಚಿನ ಸೀರೆಗಳೇ ಬೇಕು ಎಂದು ನಮ್ಮ ಸಂಘಕ್ಕೆ ಹೇಳಿಕಳಿಸಿದ್ದರು. ಅದನ್ನು ನೇಯುವ ಮಗ್ಗ ಊರಲ್ಲಿ ಒಂದೇ ಇತ್ತು, ಅದೂ ನಿಂತಿತ್ತು.

ನಾನು ಆಗ ಕೊಳ್ಳೇಗಾಲದ ನೇಕಾರರ ಸಂಘದಲ್ಲಿ ಗ್ರಾಫ್ ಬರೆಯುವವನು ಮತ್ತು ಕಾರ್ಡು ಕುಟ್ಟುವವನು. ಜಕಾರ್ಡ್ ಯಂತ್ರದಲ್ಲಿ ಹುರಿ ಎಳೆಯುವ ಕೆಲಸವನ್ನು ತೂತು ಹೊಡೆದ ರಟ್ಟಿನ ಕಾರ್ಡುಗಳು ಮಾಡುತ್ತವೆ. ಕಾರ್ಡಿನಲ್ಲಿ ತೂತಿದ್ದರೆ ಎಳೆಯನ್ನು ಎತ್ತುವ ಕೊಕ್ಕೆ ಮೇಲೇಳುತ್ತದೆ, ತೂತಿಲ್ಲದಿದ್ದರೆ ಕೆಳಗೇ ಉಳಿಯುತ್ತದೆ. ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ, ಮೂರನೆಯ ಮಾತೇ ಇಲ್ಲ. ನನ್ನಂಥ ಲೆಕ್ಕದ ಹುಚ್ಚಿನವನಿಗೆ ಇದಕ್ಕಿಂತ ಸುಖದ ಕೆಲಸ ಇನ್ನೊಂದಿರಲಿಲ್ಲ. ಗ್ರಾಫ್ ಕಾಗದದ ಒಂದು ಚೌಕ ಕಾರ್ಡಿನ ಒಂದು ತೂತಿನ ಜಾಗ, ಚೌಕಗಳ ಒಂದು ಸಾಲು ಒಂದು ಕಾರ್ಡು, ಒಂದು ಕಾರ್ಡು ಲಾಳಿಯ ಒಂದು ಓಟ, ಇಷ್ಟು ಓಟಕ್ಕೆ ಒಂದು ಅಂಗುಲ ಬಟ್ಟೆ. ಒಂದರಿಂದ ಇನ್ನೊಂದಕ್ಕೆ ಮನಸ್ಸಿನಲ್ಲೇ ಹತ್ತಿ ಇಳಿಯುತ್ತಾ ನಾನು ಊಟದ ಹೊತ್ತನ್ನೂ ಮರೆಯುತ್ತಿದ್ದೆ.

ಸಂಘದ ಹನೂರು ಶಾಖೆಗೆ ಬಂದಿದ್ದ ಒಂದು ನೂರು ಕೊಕ್ಕೆಯ ಜಕಾರ್ಡ್, ಅಲ್ಲಿ ಅದನ್ನು ತೆಗೆದುಕೊಳ್ಳುವ ನೇಕಾರರಿಲ್ಲದೆ ಗೋಣಿಚೀಲ ಹೊದ್ದು ಕೂತಿತ್ತು. ನಮ್ಮ ಕಾರ್ಯದರ್ಶಿಗಳು ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದಿಂದ ಸಂಘದಲ್ಲಿದ್ದವರು. ರಾಜ್ಯ ಬದಲಾಗಿ ವರ್ಷಗಳಾದರೂ ಅವರ ಬಾಯಲ್ಲಿ ಲೆಕ್ಕಕ್ಕೆ ತಮಿಳಿನ ಕಣಕ್ಕು ಎಂದೇ ಬರುತ್ತಿತ್ತು. ಅವರು ಒಂದು ಷರತ್ತು ಹಾಕಿದರು. ಯಳಂದೂರಿನ ಅಂಚು ಕಾರ್ಡಿಗೆ ಬಂದರೆ ಯಂತ್ರ ಆ ಮನೆಗೆ. ದೀಪಾವಳಿಯೊಳಗೆ ಬರದಿದ್ದರೆ, ಸಿದ್ಧ ಕಾರ್ಡುಗಳನ್ನು ಇಟ್ಟುಕೊಂಡು ಕಾದಿದ್ದ ಕೊಳ್ಳೇಗಾಲದ ಇನ್ನೊಬ್ಬ ನೇಕಾರರಿಗೆ. ಯಂತ್ರ ಬಂದರೆ ಯಜಮಾನರು ಕಾಲಲ್ಲೇ ಕಾರ್ಡು ತಿರುಗಿಸಿಕೊಂಡು ಒಬ್ಬರೇ ನೇಯಬಹುದಿತ್ತು. ಬರದಿದ್ದರೆ ರೇಷ್ಮೆ ಬಿಚ್ಚುವ ಕಾರ್ಖಾನೆಯಲ್ಲಿ ಗೂಡು ಬೇಯಿಸುವ ಕೆಲಸವಿತ್ತು. ಆ ಬಿಸಿನೀರಿನ ನಾತ ನೆನೆದೇ ಅವರು ಮೂಗು ಮುಚ್ಚಿಕೊಳ್ಳುತ್ತಿದ್ದರು.

ಹೀಗೆ ನಾನು ಗ್ರಾಫ್ ಕಾಗದದ ಸುರುಳಿ ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಹುರಿಯಲ್ಲಿರುವುದನ್ನು ಕಾಗದಕ್ಕೆ ಇಳಿಸಬೇಕು, ಅಷ್ಟೇ ಕೆಲಸ. ಹೇಳುವುದಕ್ಕೆ ಸುಲಭ. ಆದರೆ ಸೋರುವ ಹೆಂಚಿನ ಕೆಳಗೆ ಒಂದು ಮಳೆಗಾಲ ನಿಂತಿದ್ದ ಹುರಿಗಳು ಮೆತ್ತಗಾಗಿದ್ದವು, ಇಲಿಯೂ ರುಚಿ ನೋಡಿತ್ತು. ಕುಣಿಕೆಗಳನ್ನು ಓದಬೇಕಾದರೆ ಹುರಿಯನ್ನು ಎಳೆದು ಹಿಡಿಯಲೇಬೇಕು, ಎಳೆದರೆ ಅದು ಕಡಿಯುವ ಹಾಗಿತ್ತು. ಈ ಚಿತ್ರವನ್ನು ಯಾರೂ ಕಾಗದದಲ್ಲಿ ಬರೆದಿಟ್ಟಿರಲಿಲ್ಲ. ನೇಯ್ದ ಸೀರೆಗಳೆಲ್ಲ ವ್ಯಾಪಾರಕ್ಕೆ ಹೋಗಿದ್ದವು. ಮನೆಯಲ್ಲಿ ಒಂದು ತುಂಡೂ ಇರಲಿಲ್ಲ, ವ್ಯಾಪಾರಿಯ ಅಂಗಡಿಯಲ್ಲೂ ಒಂದೂ ಮಿಕ್ಕಿರಲಿಲ್ಲ. ಒಂದೊಂದು ಹುರಿಯನ್ನೂ ಒಂದೇ ಸಲ ಓದಲು ಸಾಧ್ಯ ಎಂದುಕೊಂಡೇ ಶುರುಮಾಡಿದೆವು.

ಅವ್ವ ಮಣೆಯ ಮೇಲೆ ಕೂತರು. ಯಜಮಾನರು ಹುರಿಗಳನ್ನು ಒಂದೊಂದಾಗಿ ಅವರ ಎದೆಯ ಮಟ್ಟಕ್ಕೆ ಇಳಿಸಿ ಹಿಡಿದರು. ಅವ್ವ ಎಡಗೈ ಬೆರಳನ್ನು ನಿಂತ ದಾರಗಳ ಮೇಲೆ ಆಡಿಸುತ್ತಾ "ಮೂರು ಎತ್ತು, ಎರಡು ಬುಡು, ಏಳು ಎತ್ತು, ಒಂದು ಬುಡು" ಎಂದು ಹೇಳುತ್ತಾ ಹೋದರು. ನಾನು ಎತ್ತು ಎಂದ ಕಡೆ ಚೌಕ ತುಂಬಿದೆ, ಬಿಡು ಎಂದ ಕಡೆ ಖಾಲಿ ಬಿಟ್ಟೆ. ಒಂದೊಂದು ಚೌಕಕ್ಕೂ ಉಂಟು ಇಲ್ಲ ಎಂದು ಕೂಗಿಸಿದ್ದರೆ ಇಬ್ಬರ ಗಂಟಲೂ ಕಟ್ಟಿಹೋಗುತ್ತಿತ್ತು. ಅವ್ವನ ದಾರಿಯಲ್ಲಿ ಒಂದು ಹುರಿ ಓದಲು ಒಂದು ಎಲೆಅಡಿಕೆ ಜಗಿಯುವಷ್ಟು ಹೊತ್ತು ಸಾಕಾಗುತ್ತಿತ್ತು. ಕಾರ್ಯದರ್ಶಿಗಳು ಎಷ್ಟು ದಿನ ಬೇಕು ಎಂದು ಕೇಳಿದಾಗ ನಾನು ಹುರಿಯನ್ನು ಎಲೆಅಡಿಕೆಗೂ ಎಲೆಅಡಿಕೆಯನ್ನು ದಿನಕ್ಕೂ ಪರಿವರ್ತಿಸಿ ಒಂದು ವಾರ ಎಂದೆ. ಆ ಲೆಕ್ಕದಲ್ಲಿ ಅವ್ವ ನಡುನಡುವೆ ಗಂಡನನ್ನು ಬೈಯುವ ಹೊತ್ತು ಸೇರಿರಲಿಲ್ಲ. ಅದಕ್ಕೆ ಇನ್ನೂ ಎರಡು ದಿನ ಹಿಡಿಯಿತು.

ಕೆಲಸಕ್ಕೆ ಕೂರುವ ಮುಂಚೆಯೇ ನಾನು ಮುಖ್ಯವಾದ ಪ್ರಶ್ನೆ ಕೇಳಿದ್ದೆ. ಅಂಚಿಗೆ ಒಟ್ಟು ಎಷ್ಟು ಎಳೆ? ಗಂಡ ಹೆಂಡತಿ ಇಬ್ಬರೂ ಒಂದೇ ಬಾಯಲ್ಲಿ ನೂರು ಎಂದರು. ಅವರಿಬ್ಬರೂ ಒಪ್ಪಿದ ವಿಷಯ ಆ ಮನೆಯಲ್ಲಿ ನಾನು ಕಂಡದ್ದು ಅದೊಂದೇ. ಯಂತ್ರವೂ ನೂರು ಕೊಕ್ಕೆಯದು. ಜೊತೆಗೆ ಆಗ ತಾನೇ ಅಂಗುಲ ಹೋಗಿ ಸೆಂಟಿಮೀಟರ್ ಬಂದಿತ್ತು, ನನ್ನ ಹೊಸ ಗ್ರಾಫ್ ಕಾಗದದಲ್ಲಿ ಎಂಟೆಂಟರ ಬದಲು ಹತ್ತು ಹತ್ತರ ಮನೆಗಳಿದ್ದವು. ನೂರು ಎಳೆ ಎಂದರೆ ಸರಿಯಾಗಿ ಹತ್ತು ದೊಡ್ಡ ಮನೆ. ಇಷ್ಟು ಚೆನ್ನಾಗಿ ಕೂಡಿ ಬಂದ ಲೆಕ್ಕವನ್ನು ನಾನು ಆವರೆಗೆ ನೋಡಿರಲಿಲ್ಲ. ಇಷ್ಟೊಂದು ಚೆನ್ನಾಗಿ ಕೂಡಿದಾಗಲೇ ಅನುಮಾನ ಪಡಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಓದಿ ಮುಗಿಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಹುರಿಗಳು ಕಡಿದು ನೇತಾಡುತ್ತಿದ್ದವು. ನನಗೆ ಬೇಸರವಾಗಲಿಲ್ಲ. ಹುರಿ ಹೋದರೇನು, ಚಿತ್ರ ನನ್ನ ಬಗಲಿನ ಸುರುಳಿಯಲ್ಲಿ ಭದ್ರವಾಗಿದೆಯಲ್ಲ! ಅವ್ವ ನನಗೆ ಚೌಕದಪ್ಪ ಎಂದು ಹೆಸರಿಟ್ಟು ಅವರೆಕಾಳಿನ ಸಾರು ಬಡಿಸಿ ಕಳಿಸಿದರು.

ಕೊಳ್ಳೇಗಾಲಕ್ಕೆ ಬಂದು ಕಾರ್ಡು ಕುಟ್ಟಿದೆ. ಕಾರ್ಡಿನಲ್ಲಿ ತೂತಿನ ಜಾಗಗಳು ನಾಲ್ಕು ನಾಲ್ಕರ ಸಾಲಾಗಿರುತ್ತವೆ. ನೂರು ಎಳೆಗೆ ಇಪ್ಪತ್ತೈದು ಸಾಲು ಸಾಕು. ಯಂತ್ರ ಮಾಡುವವರು ಮಾತ್ರ ಯಾವಾಗಲೂ ಇಪ್ಪತ್ತಾರು ಸಾಲು ಕೊಡುತ್ತಾರೆ. ಹೆಸರಿಗೆ ನೂರು ಕೊಕ್ಕೆಯ ಯಂತ್ರ, ಎಣಿಸಿದರೆ ನೂರ ನಾಲ್ಕು. ಆ ಕೊನೆಯ ಸಾಲು ಸುಮ್ಮನೆ ಹೆಚ್ಚುವರಿ, ನಾವು ಅದನ್ನು ಮುಟ್ಟುತ್ತಲೇ ಇರಲಿಲ್ಲ. ಇಪ್ಪತ್ತೈದು ಸಾಲು ಕುಟ್ಟಿ, ತೊಂಬತ್ತಾರು ಕಾರ್ಡನ್ನೂ ದಾರದಲ್ಲಿ ಪೋಣಿಸಿ, ಸಂಘದ ಯಂತ್ರದಲ್ಲಿ ಒಂದು ಗೇಣು ಮಾದರಿ ನೇಯಿಸಿದೆ. ಬಳ್ಳಿ ಬಳುಕಿತು, ರುದ್ರಾಕ್ಷಿ ದುಂಡಗೆ ಬಂತು. ಕಾರ್ಯದರ್ಶಿಗಳು ಮಾದರಿಯನ್ನು ಬೆಳಕಿಗೆ ಹಿಡಿದು ನೋಡಿ, ಹನೂರಿಗೆ ಗಾಡಿ ಹೇಳುತ್ತೇನೆ ಎಂದರು.

ಸಾಸಿವೆ ಸಾಲು ಇಲ್ಲವಲ್ಲ ಎಂದು ನನಗೆ ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಹೊಳೆದಿತ್ತು. ಅದು ಸೀರೆಯ ದಡಿಯಲ್ಲಿ ಬೇರೆಯಾಗಿ ಸೇರಿಸುವುದಿರಬೇಕು, ಯಜಮಾನರನ್ನು ಕೇಳಿದರಾಯಿತು ಎಂದುಕೊಂಡೆ. ಮಾದರಿ ತೆಗೆದುಕೊಂಡು ಹಿಗ್ಗಿನಿಂದಲೇ ಯಳಂದೂರಿಗೆ ಹೋದೆ.

ಅವ್ವ ಅದನ್ನು ಮಡಿಲಲ್ಲಿಟ್ಟುಕೊಂಡು ಬಳ್ಳಿಯ ಮೇಲೆ ಕೈಯಾಡಿಸಿದರು, ಮುಖ ಅರಳಿತು. ಆಮೇಲೆ ಹೆಬ್ಬೆರಳು ತುದಿಗೆ ಬಂತು. ಅಲ್ಲೇ ಹಿಂದಕ್ಕೂ ಮುಂದಕ್ಕೂ ಎರಡು ಸಲ ಓಡಾಡಿ ನಿಂತಿತು.

"ಕಾವ್ಲು ಎಲ್ಲವ್ರಪ್ಪ?" ಎಂದರು.

ಯಾವ ಕಾವಲು ಎಂದೆ. ಅವರು ಮಗ್ಗದ ಪಕ್ಕದ ಗೂಟ ತೋರಿಸಿದರು. ಅಲ್ಲಿ ಅರಿಶಿನ ಹಚ್ಚಿದ ನಾಲ್ಕು ದಾರಗಳ ಸಣ್ಣ ಕಟ್ಟೊಂದು ನೇತಾಡುತ್ತಿತ್ತು. ಓದುವ ದಿನಗಳಲ್ಲಿ ಎಳೆತ ಬೀಳದಿರಲೆಂದು ಅವ್ವ ಅದನ್ನು ಬೇರೆ ಮಾಡಿ ಗೂಟಕ್ಕೆ ಸಿಕ್ಕಿಸಿದ್ದರು. ದಿನಾ ನೋಡಿದ್ದೆ, ಪೂಜೆಯದು ಎಂದುಕೊಂಡು ಸುಮ್ಮನಿದ್ದೆ. ಅಂಚಿನ ತುದಿಯ ಆ ನಾಲ್ಕು ಎಳೆಗಳೇ ಕಾವಲು. ಸಾಸಿವೆ ಕಾಳು ಮೂಡುವುದು ಅವುಗಳ ಮೇಲೆ. ಬಟ್ಟೆಯನ್ನು ಕಾಯುವವರನ್ನು ಎಣಿಸಬಾರದು, ಎಣಿಸಿದರೆ ಆ ಎಳೆಗಳು ಕಡಿದುಹೋಗುತ್ತವೆ ಎಂಬುದು ಆ ಬೀದಿಯ ನಡವಳಿಕೆ. ಅಂಚು ಎಷ್ಟು ಎಳೆಯದು ಎಂದು ಯಾರು ಕೇಳಿದರೂ ಕಾವಲು ಬಿಟ್ಟೇ ಹೇಳುತ್ತಾರೆ. ಹಾಗಾಗಿ ಅವರ ನೂರು ಎಂದರೆ ನೂರ ನಾಲ್ಕು.

ಯಜಮಾನರು ನನ್ನ ಮುಖ ನೋಡಿ ನನಗಿಂತ ಮೊದಲು ಗಾಬರಿಯಾದರು. "ನಾನೇನ್ ಮಾಡ್ಲಿ ಸಾ, ನೀವು ಅಂಚಿಗೆ ಎಷ್ಟು ಅಂದ್ರಿ, ನೂರು ಅಂದೆ. ಕಾವ್ಲು ಎಣ್ಸಾದುಂಟಾ?" ಎಂದರು. ಅವ್ವ, ಹಾಗಾದರೆ ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ಅವರ ಮೇಲೆ ಏರಿಹೋದರು. ತಲೆ ಮೇಲೆ ಕೈ ಹೊತ್ತು ಕೂತಿದ್ದ ನನಗೆ ಇದ್ದಕ್ಕಿದ್ದಂತೆ ನಗು ಬಂತು. ನಮ್ಮ ಯಂತ್ರದ್ದೂ ಅದೇ ಕತೆಯಲ್ಲವೇ? ಅದೂ ನೂರು ಎಂದು ಹೇಳಿಕೊಂಡು ನೂರ ನಾಲ್ಕು ಇಟ್ಟುಕೊಂಡಿರುವುದು. ಯಳಂದೂರಿನ ನೂರೂ ಯಂತ್ರದ ನೂರೂ ಒಂದೇ ಆಗಿದ್ದವು. ನಡುವೆ ಸರಿಯಾಗಿ ನೂರು ಎಣಿಸಿದವನು ನಾನೊಬ್ಬನೇ.

ಬಹಳ ವರ್ಷಗಳ ಮೇಲೆ ನೆಂಟರ ಮನೆಯ ಹುಡುಗಿಯೊಬ್ಬಳು ಕಂಪ್ಯೂಟರಿನ ಪಾಠ ಓದುತ್ತಾ ಕೂತಿದ್ದಳು. ಅದರಲ್ಲಿ ಕಿಲೋ ಎಂದರೆ ಸಾವಿರ ಅಲ್ಲ, ಸಾವಿರದ ಇಪ್ಪತ್ನಾಲ್ಕು, ಕೆಲವರು ಮಾತ್ರ ಸಾವಿರ ಎಂದೇ ಲೆಕ್ಕ ಹಿಡಿಯುತ್ತಾರೆ, ಅದರಿಂದ ಗೊಂದಲ ಎಂದು ಹೇಳಿದಳು. ಅಲ್ಲೂ ತೂತು ಉಂಟು, ತೂತು ಇಲ್ಲ ಎನ್ನುವ ಎರಡೇ ಮಾತಂತೆ. ಆ ಇಪ್ಪತ್ನಾಲ್ಕಕ್ಕೆ ಅರಿಶಿನ ಹಚ್ಚುತ್ತಾರೋ ಇಲ್ಲವೋ ಕೇಳಿಕೊಂಡು ಬಾ ಎಂದೆ. ಅವಳಿಗೆ ಅರ್ಥವಾಗಲಿಲ್ಲ.

ಆ ದಿನ ಮಾತ್ರ ನನ್ನ ನಗು ಬಹಳ ಹೊತ್ತು ಉಳಿಯಲಿಲ್ಲ. ಕಡಿದ ಹುರಿಗಳಿಂದ ಕಾವಲಿನ ಕುಣಿಕೆಗಳು ಜಾರಿ ಬಿದ್ದುಹೋಗಿದ್ದವು. ಉಳಿದ ಹುರಿಗಳಲ್ಲಿ ನೋಡಿದರೆ ಚುಕ್ಕಿಗಳು ಒಂದು ಬಿಟ್ಟು ಒಂದು ಎಂಬ ಸರಳ ಸಾಲಾಗಿರಲಿಲ್ಲ. ಬಳ್ಳಿ ಬಾಗುವ ಕಡೆ ದಟ್ಟ, ರುದ್ರಾಕ್ಷಿಯ ಪಕ್ಕದಲ್ಲಿ ತೆಳು. ಊಹೆಯಿಂದ ತುಂಬುವ ಹಾಗಿರಲಿಲ್ಲ. ಹೇಳಿ ಎಂದು ಅವ್ವನನ್ನು ಕೇಳಿದೆ. ಅವರು ಕಣ್ಣು ಮುಚ್ಚಿ ಒಂದು ಹೇಳಿದರು, ಅಲ್ಲ ಎಂದರು, ಇನ್ನೊಂದು ಹೇಳಿದರು, ಅದೂ ಅಲ್ಲ ಎಂದರು. ಕೊನೆಗೆ ಕಣ್ಣಲ್ಲಿ ನೀರು ತಂದುಕೊಂಡರು. ಯಜಮಾನರನ್ನು ಕೇಳಿದರೆ, ನಾನು ಲಾಳಿ ನೋಡುತ್ತೇನೋ ತುದಿ ನೋಡುತ್ತೇನೋ ಎಂದರು. ಅವರೂ ಸುಳ್ಳು ಹೇಳಲಿಲ್ಲ.

ಕೊಳ್ಳೇಗಾಲಕ್ಕೆ ಬಂದು ವಿಷಯ ತಿಳಿಸಿದೆ. ಕಾರ್ಯದರ್ಶಿಗಳು ಕೆಟ್ಟವರಲ್ಲ, ಅವಸರದವರು. "ಆ ತುದೀನ ಯಾರ್ರೀ ಕಣಕ್ಕು ಹಾಕಿ ನೋಡ್ತಾರೆ? ಸಮನಾಗಿ ಚುಕ್ಕಿ ಕುಟ್ಟಿ ಮುಗ್ಸಿ" ಎಂದರು. ಅದು ಒಂದು ಮಧ್ಯಾಹ್ನದ ಕೆಲಸ. ಯಂತ್ರ ಆ ಮನೆಗೆ ಹೋಗುತ್ತಿತ್ತು, ಮಗ್ಗ ನಡೆಯುತ್ತಿತ್ತು. ನಾನು ತೂತು ಹೊಡೆಯುವ ಪಂಚನ್ನು ಕೈಗೆ ತೆಗೆದುಕೊಂಡದ್ದೂ ಹೌದು. ಆದರೆ ಅವ್ವನ ಹೆಬ್ಬೆರಳು ಆ ತುದಿಯಲ್ಲಿ ನಿಂತದ್ದು ನೆನಪಾಗುತ್ತಿತ್ತು. ಸಾಸಿವೆ ಅಂಚೇ ಬೇಕೆಂದ ವ್ಯಾಪಾರಿಗೂ ಹೆಬ್ಬೆರಳು ಇದ್ದೇ ಇರುತ್ತದೆ. ಅವರು ಮಾಲು ಹಿಂದಕ್ಕೆ ಕಳಿಸಿದರೆ ಯಂತ್ರವೂ ಅದರ ಹಿಂದೆಯೇ ವಾಪಸಾಗುತ್ತದೆ. ಪಂಚು ಕೆಳಗಿಟ್ಟು ಮಾರನೆಯ ದಿನ ಮತ್ತೆ ಬಸ್ಸು ಹತ್ತಿದೆ, ಏನು ಮಾಡುವುದೆಂದು ಗೊತ್ತಿಲ್ಲದೆಯೇ.

ಗಂಡ ಹೆಂಡತಿ ಮಾತು ಬಿಟ್ಟಿದ್ದರು. ಯಜಮಾನರು ಖಾಲಿ ಮಗ್ಗದ ಗುಂಡಿಯಲ್ಲಿ ಕಾಲು ಬಿಟ್ಟು ಕೂತು, ಸಿಟ್ಟಿಗೋ ಬೇಸರಕ್ಕೋ ಹಲಗೆಯನ್ನು ತುಳಿಯುತ್ತಿದ್ದರು. ಠಕ್ಕು ಠಕ್ಕು ಎಂದು ಸದ್ದಾಗುತ್ತಿತ್ತು. ಅವ್ವ ಅತ್ತ ಮುಖ ಮಾಡಿ ಅಕ್ಕಿ ಆರಿಸುತ್ತಿದ್ದರು. ನಾನು ನೋಡುತ್ತಾ ಇದ್ದ ಹಾಗೆಯೇ ಅವರ ಎಡಗೈ ಮೊರದಿಂದ ಎದ್ದು, ಗಾಳಿಯಲ್ಲಿ ಒಂದು ಹುರಿ ಎಳೆದ ಹಾಗೆ ಎಳೆದು ಮತ್ತೆ ಮೊರಕ್ಕೆ ಇಳಿಯಿತು. ಅದರ ಜೊತೆಗೇ ಬಲಗೈಯ ಬೆರಳುಗಳು ಮಡಿಲಲ್ಲಿ ಸಣ್ಣಗೆ ಏನನ್ನೋ ಆರಿಸಿಕೊಂಡವು. ಹಲಗೆ ಸದ್ದು ಮಾಡಿತು, ಮತ್ತೆ ಕೈ ಎದ್ದಿತು. ಅವರಿಗೆ ಅದರ ಪರಿವೆಯೇ ಇರಲಿಲ್ಲ.

ಅಲ್ಲೇ ತೀರ್ಮಾನ ಮಾಡಿದೆ. ಹುರಿ ಎಳೆದಾಗಲೆಲ್ಲ ಕಾವಲಿನ ದಾರಗಳನ್ನು ಬೆರಳಲ್ಲೂ ಬಿಡಿಸಿಕೊಂಡು ರೂಢಿಯಾದ ಕೈ ಅದು, ಕೂರಿಸಿಕೊಂಡು ಕೇಳಿದರೆ ಆ ಲೆಕ್ಕ ಬಾಯಿಗೆ ಬರುವುದಿಲ್ಲ. ಇದನ್ನು ನೇಯಿಸಿಯೇ ತೆಗೆಯಬೇಕು. ಕಡಿದ ಹುರಿಗಳನ್ನು ಮತ್ತೆ ಕಟ್ಟಿ, ಸ್ವಲ್ಪ ಹಾಸು ಹೂಡಿ, ಹಳೆಯ ಮಗ್ಗದಲ್ಲೇ ಇಬ್ಬರೂ ಒಂದು ಮೊಳ ನೇಯಲಿ. ಹುರಿ ಕೊಳೆಯುತ್ತದೆ, ಬಟ್ಟೆ ಉಳಿಯುತ್ತದೆ. ಬಟ್ಟೆಯಿಂದ ನಾನು ನಿಧಾನವಾಗಿ ಓದಿಕೊಳ್ಳುತ್ತೇನೆ. ದೀಪಾವಳಿ ಹತ್ತಿರವಾಗಿತ್ತು. ಕಾರ್ಯದರ್ಶಿಗಳ ಮುಂದೆ ಹೋಗಿ ನಿಂತು ಮಿಕ್ಕ ಹಾಸಿನ ನೂಲು ಕೇಳಿದೆ. ಕಾರ್ಡು ಮಾಡುವುದಕ್ಕೆ ಹಳೇ ಮಗ್ಗ ಹೂಡುತ್ತೀರಾ, ಮುಂದಕ್ಕೆ ಹೋಗುತ್ತಿದ್ದೇವೋ ಹಿಂದಕ್ಕೋ ಎಂದು ಕೇಳಿದರು. ಎರಡೂ ಎಂದೆ. ಬೈದುಕೊಂಡೇ ನೂಲು ಕೊಡಿಸಿದರು, ಆ ಉಪಕಾರ ಮರೆಯಲಾರೆ.

ಈಗ ಕೆಲಸ ತಲೆಕೆಳಗಾಯಿತು. ನಾನು ಗ್ರಾಫ್ ನೋಡಿಕೊಂಡು "ಮೂರು ಎತ್ತು, ಎರಡು ಬಿಡು" ಎಂದು ಕೂಗಿದೆ, ಅವ್ವ ಕುಣಿಕೆ ಹಾಕಿದರು. ಅವರು ಹೇಳಿದ್ದೇ ನನ್ನ ಕಾಗದದಿಂದ ಅವರಿಗೆ ಹಿಂದಿರುಗುತ್ತಿತ್ತು. ಕಡಿಯದೆ ಉಳಿದ ಹುರಿಗಳ ಜೊತೆ ಗ್ರಾಫನ್ನು ಇನ್ನೊಮ್ಮೆ ತಾಳೆ ನೋಡಿದೆವು. ತಪ್ಪಿದ್ದದ್ದು ಎರಡೇ ಕಡೆ, ಒಂದು ನಾನು ತಪ್ಪಿ ತುಂಬಿದ ಚೌಕ, ಇನ್ನೊಂದು ಅವರು ತಪ್ಪಿ ಹೇಳಿದ್ದು. ಲೆಕ್ಕ ಚುಕ್ತಾ ಆಯಿತು ಎಂದು ಅವ್ವ ನಕ್ಕರು. ಗಂಡನ ಜೊತೆ ಮಾತೂ ಶುರುವಾಯಿತು, ಬೈಗುಳದಿಂದಲೇ.

ಯಜಮಾನರು ಹುರಿಗಳನ್ನೆಲ್ಲ ಎದೆಯ ಮಟ್ಟಕ್ಕೆ ಇಳಿಸಿ ಕಟ್ಟಿದರು. ಅವ್ವ ಎಡಗೈಯಲ್ಲಿ ಎಳೆಯುವುದು, ಬಲಗೈಯನ್ನು ಏಳಿಸದೆ ಕೆಳಗೇ ಇಟ್ಟು ಕಾವಲಿನ ದಾರಗಳನ್ನು ಬೆರಳಲ್ಲೇ ಆರಿಸುವುದು ಎಂದಾಯಿತು. ಮೊದಲ ಒಂದು ಅಂಗುಲ ತಡವರಿಸಿತು. ಆಮೇಲೆ ತುಳಿತ ಹದಕ್ಕೆ ಬಂತು. ಹುರಿ, ಬೆರಳು, "ಆಕು", ಲಾಳಿ. ಹುರಿ, ಬೆರಳು, "ಆಕು", ಲಾಳಿ. ಬೀದಿಯವರು ಬಾಗಿಲಿಗೆ ಬಂದು ನಿಂತರು. ಆ ಮನೆಯ ಸದ್ದು ಕೇಳಿ ಅಷ್ಟು ದಿನವಾಗಿತ್ತು.

ನನಗೆ ಸುಮ್ಮನಿರಲಾಗದ ಚಟ. ಬೆರಳು ಎರಡು ದಾರ ಹಿಡಿದದ್ದನ್ನು ನೋಡಿ, ಅವ್ವಾ ಈಗ ಯಾವ ಎರಡು ಎಂದು ಕೇಳಿಬಿಟ್ಟೆ. ಬೆರಳು ನಿಂತೇ ಹೋಯಿತು. ಅವ್ವ ಕೈ ನೋಡಿಕೊಂಡರು, ದಾರ ನೋಡಿದರು, ಏನೂ ತೋಚದೆ ನನ್ನನ್ನು ನೋಡಿದರು. ಬಳ್ಳಿಯ ಬುಡದಿಂದ ಮತ್ತೆ ಶುರುಮಾಡಬೇಕಾಯಿತು.

"ಚೌಕದಪ್ಪ, ನೀನ್ ಜಗ್ಲಿ ಮೇಲೆ ಓಗಿ ಕುಂತ್ಕೊ" ಎಂದರು ಅವ್ವ.

ಹೋಗಿ ಕೂತೆ. ಅಲ್ಲಿಂದ ಕೇಳಿಸುತ್ತಿದ್ದದ್ದು "ಆಕು" ಒಂದೇ. ಅದು ತಪ್ಪದೆ ಬರುತ್ತಿದ್ದರೆ ಕೆಲಸ ಸಾಗುತ್ತಿದೆ ಎಂದು ಅರ್ಥ. ದೂರದಲ್ಲಿ ಬಿಳಿಗಿರಿಯ ಬೆಟ್ಟ ಕಾಣುತ್ತಿತ್ತು. ಕೈಯಲ್ಲಿ ಏನೂ ಕೆಲಸವಿಲ್ಲದೆ ಅಷ್ಟು ನೆಮ್ಮದಿಯಾಗಿ ನಾನು ಹಿಂದೆಂದೂ ಕೂತಿರಲಿಲ್ಲ.

ಚಿತ್ರವನ್ನು ಮೂರು ಸಲ ನೇಯಿಸಿದೆ. ಮೂರನೆಯದು ಮುಗಿಯುವಾಗ ಹುರಿಗಳು ಮತ್ತೆ ಕಡಿಯಲು ಶುರುವಾಗಿದ್ದವು, ನಾವು ಅವನ್ನು ಕಟ್ಟಲು ಹೋಗಲಿಲ್ಲ. ಬಟ್ಟೆಯನ್ನು ಕೊಳ್ಳೇಗಾಲಕ್ಕೆ ತಂದು, ಕಿಟಕಿಯ ಬೆಳಕಿನಲ್ಲಿ ಹರಡಿ, ಎಳೆ ಎಣಿಸುವ ಭೂತಗನ್ನಡಿ ಇಟ್ಟು ತುದಿಯ ನಾಲ್ಕು ಎಳೆಗಳನ್ನು ಓದಿದೆ. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಹೊಂದದಿದ್ದರೆ ಅವ್ವನ ಕೈ ಕಾವಲನ್ನು ಮರೆತಿದೆ ಎಂದೇ ಅರ್ಥ. ಮೊದಲನೆಯ ಬಳ್ಳಿಯ ಸಾಸಿವೆಯೂ ಎರಡನೆಯದರ ಸಾಸಿವೆಯೂ ಕಾಳಿಗೆ ಕಾಳು ಹೊಂದಿದವು. ಮೂರನೆಯದರಲ್ಲಿ ಒಂದೇ ಒಂದು ಚುಕ್ಕಿ ಬೇರೆಯಾಗಿತ್ತು. ಎರಡು ಸಾಕ್ಷಿ ಒಂದು ಕಡೆ ಇದ್ದುದರಿಂದ ಮೂರನೆಯದರ ಮಾತು ಬಿಟ್ಟೆ.

ಆಮೇಲಿನದೆಲ್ಲ ನನಗೆ ಹಬ್ಬ, ದೀಪಾವಳಿಗೂ ಇನ್ನೂ ಕೆಲವು ದಿನ ಇತ್ತು. ಹೊಸ ಕಾರ್ಡು ಒಂದೂ ಬೇಕಾಗಲಿಲ್ಲ. ಪೋಣಿಸಿಟ್ಟ ಪ್ರತಿ ಕಾರ್ಡಿನಲ್ಲೂ ನಾನು ಮುಟ್ಟದೆ ಬಿಟ್ಟಿದ್ದ ಕೊನೆಯ ಸಾಲು ಖಾಲಿ ಇತ್ತು, ಸರಿಯಾಗಿ ನಾಲ್ಕು ತೂತಿನ ಜಾಗ. ಅರಿಶಿನದ ನಾಲ್ಕು ದಾರ ಹೋಗಿ ಆ ಇಪ್ಪತ್ತಾರನೆಯ ಸಾಲಿನಲ್ಲಿ ಕೂತವು. ಒಟ್ಟು ಚೌಕ ಎಷ್ಟಾಯಿತು ಎಂದು ಗುಣಿಸಿದೆ. ಹತ್ತು ಸಾವಿರಕ್ಕೆ ಹದಿನಾರು ಕಡಿಮೆ. ದುಂಡು ಸಂಖ್ಯೆ ಬರಲಿಲ್ಲವೆಂದು ಈ ಸಲ ಸಂತೋಷವಾಯಿತು. ಕಾರ್ಯದರ್ಶಿಗಳು ಹೊಸ ಮಾದರಿ ನೋಡಿ, ತುದಿಯನ್ನು ಹೆಬ್ಬೆರಳಲ್ಲಿ ಸವರಿ, ಗಾಡಿಗೆ ಹೇಳಿಕಳಿಸಿದರು.

ಹನೂರಿನಿಂದ ಯಂತ್ರ ಬಂತು, ಜೊತೆಗೆ ಅದನ್ನು ಕಟ್ಟಲು ಅಲ್ಲಿಯ ಬಡಗಿಯೂ ಬಂದರು. ಮಾಡು ತಗ್ಗಾಗಿದ್ದುದರಿಂದ ಹೆಂಚು ಇಳಿಸಿ ಮಗ್ಗದ ಮೇಲಿನಷ್ಟು ಮಾಡನ್ನು ಎತ್ತರಿಸಬೇಕಾಯಿತು. ಸೋರುತ್ತಿದ್ದ ಕಡೆ ಅದೇ ನೆಪದಲ್ಲಿ ಸರಿಹೋಯಿತು. ಯಜಮಾನರು ತುಳಿದರು. ಮೇಲೆ ಕಾರ್ಡು ಉರುಳಿತು, ಕೊಕ್ಕೆಗಳು ಎದ್ದವು, ಬಳ್ಳಿ, ರುದ್ರಾಕ್ಷಿ, ಸಾಸಿವೆ ಒಟ್ಟಿಗೇ ಬಂದವು. ಅಷ್ಟು ವರ್ಷ ದಾರಗಳ ಹಿಂದೆ ನಿಂತಿದ್ದ ಅವ್ವ ಮೊದಲ ಸಲ ಮಗ್ಗದ ಮುಂದೆ ನಿಂತು ತಮ್ಮ ಅಂಚು ಬೆಳೆಯುವುದನ್ನು ನೋಡಿದರು. ಬಹಳ ಹೊತ್ತು ನೋಡಿ, ಚೆನ್ನಾಗೈತೆ ಕಣ್ರಿ ಎಂದು ಗಂಡನಿಗೆ ಹೇಳಿದರು. ಅವರು ಗಂಡನನ್ನು ಹೊಗಳಿದ್ದು ನಾನು ಕೇಳಿದ್ದು ಅದೊಂದೇ ಸಲ.

ವ್ಯಾಪಾರಿ ಮೊದಲ ಸೀರೆಗಳನ್ನು ಒಪ್ಪಿಕೊಂಡರು. ಆದರೆ ಕೆಲವು ವಾರಗಳ ಮೇಲೆ ಕಾರ್ಯದರ್ಶಿಗಳು ನನ್ನನ್ನು ಕರೆಸಿದರು. ಹುರಿ ಎಳೆಯುವ ಹೊತ್ತು ಉಳಿಯುವುದರಿಂದ ನಿಮಿಷಕ್ಕೆ ಇಷ್ಟು ಕಾರ್ಡು ಹೆಚ್ಚಿಗೆ ಓಡುತ್ತದೆ ಎಂದು ನಾನೇ ಲೆಕ್ಕ ಕೊಟ್ಟಿದ್ದೆ. ಯಳಂದೂರಿನಿಂದ ಬಟ್ಟೆ ಮಾತ್ರ ಹಳೆಯ ಮಗ್ಗದ ವೇಗದಲ್ಲೇ ಬರುತ್ತಿತ್ತು. ಯಂತ್ರದಲ್ಲಿ ಏನೋ ಹಿಡಿಯುತ್ತಿದೆ, ಹೋಗಿ ನೋಡಿ ಎಂದರು. ಗಡಿಯಾರ, ಎಣ್ಣೆ ಡಬ್ಬಿ, ಸ್ಪ್ಯಾನರ್ ಹಿಡಿದು ಹೋದೆ.

ಅವರೆಕಾಯಿಯ ಕಾಲ. ಅವ್ವ ಹೊಸ್ತಿಲ ಮೇಲೆ ಕೂತು, ಮಡಿಲು ತುಂಬ ಕಾಯಿ ಹಾಕಿಕೊಂಡು ಸುಲಿಯುತ್ತಿದ್ದರು. ಒಳಗೆ ಯಜಮಾನರು ಮಗ್ಗದಲ್ಲಿದ್ದರು. ನಾನು ಬಾಗಿಲ ಪಕ್ಕದಲ್ಲಿ ನಿಂತು ಗಡಿಯಾರ ತೆಗೆದೆ. ಯಂತ್ರದಲ್ಲಿ ಏನೂ ಹಿಡಿಯುತ್ತಿರಲಿಲ್ಲ. ಯಜಮಾನರು ತುಳಿಯುತ್ತಿದ್ದರು, ಕಾರ್ಡು ಉರುಳಿ ಕೂರುತ್ತಿತ್ತು, ಎಳೆಗಳು ಬಾಯಿ ತೆರೆದು ನಿಲ್ಲುತ್ತಿದ್ದವು. ಅವರು ಲಾಳಿ ಹಿಡಿದುಕೊಂಡು ಕಾಯುತ್ತಿದ್ದರು.

"ಆಕು" ಎನ್ನುತ್ತಿದ್ದರು ಅವ್ವ, ಕಾಯಿಯಿಂದ ತಲೆ ಎತ್ತದೆ.

ಲಾಳಿ ಓಡುತ್ತಿತ್ತು. ಅವರು ಮತ್ತೆ ತುಳಿದು ಮತ್ತೆ ಕಾಯುತ್ತಿದ್ದರು.

ನಾನು ಗಡಿಯಾರವನ್ನು ಜೇಬಿಗೆ ಸೇರಿಸಿದೆ. ಎಣ್ಣೆ ಡಬ್ಬಿಯನ್ನು ಗೋಡೆಯ ಬದಿಗಿಟ್ಟು, ಹೊಸ್ತಿಲ ಮೇಲೆ ಅವ್ವನ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತು, ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ಸುಲಿಯತೊಡಗಿದೆ.